ಬೇಸಿಗೆಯ ವಿಜಯಪುರ: ತಡವಾಗಿ ಕಲಿತ ಪಾಠಗಳು

ವಿಜಯಪುರಕ್ಕೆ ಪ್ರವಾಸಿಗರು ಬರುವುದು ದೀಪಾವಳಿ ಕಳೆದ ಮೇಲೆ. ಅಲ್ಲಿಂದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯವರೆಗೂ ಗೋಲಗುಮ್ಮಟದ ಮುಂದೆ ಶಾಲಾ ಪ್ರವಾಸದ ಬಸ್ಸುಗಳ ಸಾಲು ತಪ್ಪುವುದಿಲ್ಲ. ಶಿವರಾತ್ರಿ ದಾಟಿತೆಂದರೆ ಸಾಲು ಕರಗುತ್ತದೆ. ಏಪ್ರಿಲ್ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ನಾನು ಹೋದದ್ದು ಆಗ. ಪ್ರವಾಸ ಲೇಖನ ಬರೆದು ಸಂಸಾರ ತೂಗಿಸುವವಳಿಗೆ ಸೀಜನ್ ಇಲ್ಲದ ಕಾಲದ ಬಾಡಿಗೆಯೇ ದೊಡ್ಡ ಆಕರ್ಷಣೆ ಎಂಬುದನ್ನು ಮುಚ್ಚಿಡುವುದೇನಿದೆ? ಒಂದು ಮನೆಯ ಮಾಳಿಗೆ ಮೇಲಿನ ಕೋಣೆ ಹಿಡಿದೆ. ಮುಂಗಾರು ಬೀಳುವ ತನಕ ಅಲ್ಲಿದ್ದು ‘ಯಾರೂ ನೋಡದ ವಿಜಯಪುರ’ ಎಂಬ ಹೆಸರಿನಲ್ಲಿ ಲೇಖನಮಾಲೆ ಬರೆಯುವುದು ನನ್ನ ಲೆಕ್ಕ.

ಆ ಲೆಕ್ಕ ಎಲ್ಲೆಲ್ಲಿ ತಪ್ಪಿತು ಎಂಬುದೇ ಈ ಬರಹ. ಊರನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇರಲಾರದು. ನನ್ನ ಹಾಗೆ ಹೊರಗಿನಿಂದ ಹೋಗಿ ಕೆಲಕಾಲ ಬೀಡುಬಿಡುವವರಿಗೆ ನಾಲ್ಕು ಮಾತು ಉಪಯೋಗಕ್ಕೆ ಬಂದರೆ ಸಾಕು.

1. ಮೊದಲು ಊರಿನ ಹೊತ್ತುಗೊತ್ತು ಕಲಿಯಿರಿ.

ಮೊದಮೊದಲು ನಾನು ಬೆಂಗಳೂರಿನ ದಿನಚರಿಯನ್ನೇ ಅಲ್ಲಿಗೂ ಹೊತ್ತೊಯ್ದಿದ್ದೆ. ಒಂಬತ್ತಕ್ಕೆ ತಿಂಡಿ, ಹತ್ತಕ್ಕೆ ಹೊರಡುವುದು. ಹಾಗಾಗಿ ಇಬ್ರಾಹಿಂ ರೋಜಾ ತಲುಪಿದ್ದು ನಡುಮಧ್ಯಾಹ್ನ. ಕಟ್ಟೆ ಹತ್ತುವ ಮುನ್ನ ಚಪ್ಪಲಿ ಬಿಡಬೇಕು. ಬಿಟ್ಟು ಎರಡು ಹೆಜ್ಜೆ ಇಟ್ಟ ಮೇಲೆ ಕಲ್ಲು ಕಾದ ಹೆಂಚಾಗಿದೆ ಎಂದು ಅಂಗಾಲಿಗೆ ಗೊತ್ತಾಯಿತು. ಹಿಂದೆ ಬರುವುದಕ್ಕೂ ಆಗದೆ ಮುಂದೆ ಹೋಗುವುದಕ್ಕೂ ಆಗದೆ ಕುಣಿಯುತ್ತ ಓಡಿ ಮೊಗಸಾಲೆಯ ನೆರಳು ಸೇರಿದೆ. ವಾಸ್ತುಶಿಲ್ಪಿ ಮಲಿಕ್ ಸಂದಲ್ ಅಷ್ಟು ಕಷ್ಟಪಟ್ಟು ಮಾಡಿಸಿದ್ದನ್ನು ನೋಡುವ ಬದಲು ವಾಪಸ್ಸು ಚಪ್ಪಲಿಯ ತನಕ ಹೇಗೆ ಹೋಗುವುದು ಎಂಬ ಚಿಂತೆಯಲ್ಲೇ ಹೊತ್ತು ಕಳೆಯಿತು.

ಮನೆ ಮಾಲಕರ ಹೆಂಡತಿಯನ್ನು ಓಣಿಯವರೆಲ್ಲ ಕರೆಯುವ ಹಾಗೆ ನಾನೂ ಕಾಕು ಎನ್ನುತ್ತಿದ್ದೆ. ಬೊಬ್ಬೆಯೆದ್ದ ಅಂಗಾಲು ನೋಡಿ ಕಾಕು ಅಂದದ್ದು: “ಈ ಬಿಸಲಾಗ ನಾಯಿ ಸುದ್ದಾ ಹೊರಗ ಬರೂದಿಲ್ಲ. ನೀ ಕಲ್ಲ ನೋಡಾಕ ಹೊಂಟಿ ನೋಡು!”

ಊರಿನ ಗಡಿಯಾರ ಬೇರೆಯೇ ಇತ್ತು. ಬೆಳಿಗ್ಗೆ ಆರರಿಂದ ಒಂಬತ್ತೂವರೆ ಓಡಾಟದ ಹೊತ್ತು. ಹನ್ನೆರಡರಿಂದ ನಾಲ್ಕೂವರೆ ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಮಲಗುವ ಹೊತ್ತು. ಐದರ ಮೇಲೆ ಗಾಂಧಿ ಚೌಕದ ಸುತ್ತ ಮತ್ತೆ ಜೀವ ಬರುತ್ತದೆ. ಗಿರಮಿಟ್ಟು, ಮಿರ್ಚಿ, ಲಿಂಬು ಸೋಡಾ ಎಲ್ಲ ಆಗಲೇ. ಇಷ್ಟು ತಿಳಿದ ಮೇಲೆ ಒಂದು ಮುಂಜಾನೆ ಮತ್ತೆ ರೋಜಾಕ್ಕೆ ಹೋದೆ. ಸಮಾಧಿ ಕೋಣೆಯ ಕಿಟಕಿಗಳಲ್ಲಿ ಜಾಲಂಧ್ರ ಎಂದರೆ ಬರೀ ಹೂಬಳ್ಳಿಯಲ್ಲ, ಕಲ್ಲನ್ನೇ ಕೊರೆದು ಮಾಡಿದ ಅರಬ್ಬಿ ಅಕ್ಷರಗಳು. ಆ ಅಕ್ಷರಗಳ ಸಂದಿನಿಂದಲೇ ಒಳಗೆ ಬೆಳಕು. ಮೇಲೆ ನೋಡಿದರೆ ತೊಲೆ ಕಂಬಗಳ ಆಸರೆ ಕಾಣದೆ ಚಪ್ಪಟೆಯಾಗಿ ನಿಂತ ಕಲ್ಲಿನ ಚಾವಣಿ. ಇದೆಲ್ಲ ನಡುಮಧ್ಯಾಹ್ನವೂ ಅಲ್ಲೇ ಇತ್ತು; ನನ್ನ ಕಾಲು ನೋಡಗೊಡಲಿಲ್ಲ. ಅಂದಿನಿಂದ ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಂಡೇ ಹೊರಡುತ್ತೇನೆ.

2. ಎಲ್ಲರೂ ನೋಡುವ ಜಾಗವನ್ನು ಬಿಟ್ಟು ಜಾಣರಾಗಲು ಹೋಗಬೇಡಿ.

ಗೋಲಗುಮ್ಮಟಕ್ಕೆ ನಾನು ಬೇಕೆಂದೇ ಹೋಗಲಿಲ್ಲ. ಅದು ಪ್ರವಾಸಿಗರ ಜಾಗ, ನಾನು ಹುಡುಕುವುದು ಬೇರೆ ಎಂಬ ಜಂಬ. ಅದರ ಬದಲು ಊರಿನ ಮೂಡಣಕ್ಕಿರುವ ಐನಾಪುರಕ್ಕೆ ಹೋಗಿ ಜಹಾನ್ ಬೇಗಂ ಸಮಾಧಿಯ ಮುಂದೆ ನಿಂತೆ. ಅರ್ಧಕ್ಕೇ ನಿಂತ ಗೋಡೆಗಳು, ಮೂಲೆಯಲ್ಲಿ ಗೋಪುರಗಳು, ಮೇಲೆ ಆಕಾಶ. ನನಗೆ ಏನೂ ಅರ್ಥವಾಗಲಿಲ್ಲ. ಪಾಳುಬಿದ್ದ ಕಟ್ಟಡ ಅಂತ ಬರೆದುಕೊಂಡು ಬಂದೆ.

ಕಡೆಗೂ ಒಂದು ದಿನ ಬೆಳಗಿನ ಆರಕ್ಕೆ ಗೋಲಗುಮ್ಮಟದ ಮೆಟ್ಟಿಲು ಹತ್ತಿದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಸಮಾಧಿ ಅದು. ಹೊರಗಿನ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದು ಕಂಬವಿಲ್ಲ. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂಡಿಸುವುದಕ್ಕೆ ಒಂದನ್ನೊಂದು ಅಡ್ಡಹಾಯುವ ಕಮಾನುಗಳನ್ನು ಎಬ್ಬಿಸಿದ್ದಾರೆ. ಚಳಿಗಾಲದಲ್ಲಿ ಗುಮ್ಮಟದೊಳಗಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ನೂರು ಮಕ್ಕಳ ಕೂಗು ಒಂದರ ಮೇಲೊಂದು ಬಿದ್ದು ಪಿಸುಮಾತಿಗೆ ಜಾಗವೇ ಇರುವುದಿಲ್ಲ. ಆ ಬೆಳಿಗ್ಗೆ ಇದ್ದವರು ನಾನು, ಕಾವಲುಗಾರ ಮತ್ತು ಪಾರಿವಾಳಗಳು. ಕಾವಲುಗಾರ ಆಚೆ ಬದಿ ಗೋಡೆಗೆ ಮುಖ ಮಾಡಿ ಮೆಲ್ಲಗೆ, “ಚಾ ಕುಡದೀರೇನ್ರಿ?” ಎಂದದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು.

ಇಳಿದು ಬಂದವಳು ನೇರ ಐನಾಪುರಕ್ಕೆ ಆಟೋ ಹಿಡಿದೆ. ಈಗ ಕಂಡಿತು: ಅದು ಗೋಲಗುಮ್ಮಟದ ಮಾದರಿಯಲ್ಲೇ ಎತ್ತಿ ಅರ್ಧಕ್ಕೆ ಕೈಬಿಟ್ಟ ಕಟ್ಟಡ. ಮುಗಿದದ್ದರಲ್ಲಿ ಗಿಲಾವು ಮುಚ್ಚಿಟ್ಟ ಕೆಲಸವನ್ನು ಮುಗಿಯದ್ದು ಬಿಚ್ಚಿ ತೋರಿಸುತ್ತದೆ. ಕಮಾನಿನ ಕಲ್ಲು ಎಲ್ಲಿ ಶುರುವಾಗುತ್ತದೆ, ಗೋಡೆ ಎಷ್ಟು ದಪ್ಪ, ಗೋಪುರ ಗೋಡೆಗೆ ಹೇಗೆ ಕೂಡಿಕೊಳ್ಳುತ್ತದೆ ಎಲ್ಲ ನೋಡಬಹುದು. ಪ್ರಸಿದ್ಧವಾದದ್ದನ್ನು ಸರಿಯಾಗಿ ನೋಡದವರಿಗೆ ಅಪ್ರಸಿದ್ಧವಾದದ್ದು ಬಾಯಿಬಿಡುವುದಿಲ್ಲ.

3. ಪಟ್ಟಿ ಹರಿದು ಹಾಕಿ, ಒಂದು ಪ್ರಶ್ನೆ ಹಿಡಿಯಿರಿ.

ನನ್ನ ಹತ್ತಿರ ಒಂದು ಉದ್ದ ಪಟ್ಟಿ ಇತ್ತು. ಜೋಡ ಗುಮ್ಮಟ, ಮೆಹತರ್ ಮಹಲ್, ಬಾರಾಕಮಾನ, ಉಪಲಿ ಬುರುಜು, ಹೀಗೆ. ಒಂದೊಂದಕ್ಕೂ ಹೋಗುವುದು, ಫೋಟೊ ತೆಗೆಯುವುದು, ಗೀಟು ಹಾಕುವುದು. ವಾರ ಕಳೆದ ಮೇಲೆ ಯಾವ ಫೋಟೊ ಯಾವ ಗುಮ್ಮಟದ್ದು ಎಂದೇ ತಿಳಿಯದೆ ಹೋಯಿತು.

ಪಟ್ಟಿಯಿಂದ ನನ್ನನ್ನು ಬಿಡಿಸಿದ್ದು ಕಾಕು ಮನೆಯ ನಳ. ನೀರು ಬರುವುದು ಕೆಲವು ದಿನಕ್ಕೊಮ್ಮೆ, ಅದೂ ಹೇಳಿ ಕೇಳಿ ಬರುವುದಿಲ್ಲ. “ನಳ ಬಂತು!” ಎಂದು ಓಣಿಯ ಆ ತುದಿಯಿಂದ ಕೂಗು ಬಿದ್ದರೆ ಮಾಡುತ್ತಿದ್ದ ಕೆಲಸ ಬಿಟ್ಟು ಕೊಡ, ಬಕೀಟು, ಬ್ಯಾರಲ್ ಎಲ್ಲ ತುಂಬಬೇಕು. ಒಂದು ಮುಂಜಾನೆ ಹೊರಡುವ ಹೊತ್ತಿಗೇ ನಳ ಬಂತು. ಸಿಟ್ಟಿನಿಂದ ಕೊಡ ಹೊರುತ್ತ ಕೇಳಿದೆ, “ಕಾಕು, ಬಾದಶಹರ ಕಾಲದಾಗ ಇಷ್ಟು ದೊಡ್ಡ ಊರಿಗೆ ನೀರು ಎಲ್ಲಿಂದ ಬರ್ತಿತ್ತು?”

“ತೊರವಿಯಿಂದ ಬರ್ತಿತ್ತಂತ. ನಮ್ಮತ್ತಿ ಹೇಳ್ತಿದ್ರು. ನೆಲದಾಗಿಂದ,” ಅಂದರು ಕಾಕು.

ಆ ಒಂದು ಮಾತಿನ ಬೆನ್ನು ಹತ್ತಿ ಬೇಸಿಗೆ ಕಳೆಯಿತು. ಮೊದಲು ಸಿಕ್ಕಿದ್ದು ಬಾವಡಿಗಳು. 1815ರ ಸುಮಾರಿಗೆ ಕೋಟೆಯೊಳಗೆ ಮೆಟ್ಟಿಲಿರುವ ಬಾವಿ 700, ಮೆಟ್ಟಿಲಿಲ್ಲದವು 300 ಇದ್ದವೆಂದು ಹಳೆಯ ಲೆಕ್ಕವೊಂದು ಹೇಳುತ್ತದೆ. ಅದರಲ್ಲಿ ದೊಡ್ಡದು ತಾಜ ಬಾವಡಿ. ಇಬ್ರಾಹಿಂ ರೋಜಾ ಕಟ್ಟಿಸಿದ ಅದೇ ಮಲಿಕ್ ಸಂದಲ್ 1620ರಲ್ಲಿ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿಸಿದ್ದು ಎನ್ನುತ್ತಾರೆ. ಎರಡು ಕಡೆ ಎಂಟು ಮೂಲೆಯ ಗೋಪುರ, ನಡುವೆ ದೊಡ್ಡ ಕಮಾನು. ಕಮಾನಿನ ಕೆಳಗೆ ಮೆಟ್ಟಿಲಿಳಿದರೆ ಒಂದೊಂದು ಬದಿಯೂ 200 ಅಡಿ ಮೀರುವ ಚೌಕನೆ ಕೊಳ. ಕಮಾನಿನ ಅಕ್ಕಪಕ್ಕದಲ್ಲಿ ದಾರಿಹೋಕರು ತಂಗುವ ಕೋಣೆಗಳು. ಕಸ ತುಂಬಿ ಹೆಸರು ಕೆಡಿಸಿಕೊಂಡಿದ್ದ ಈ ಬಾವಡಿಗಳಲ್ಲಿ ಹಲವನ್ನು ಈಚಿನ ವರ್ಷಗಳಲ್ಲಿ ಹೂಳೆತ್ತಿ ಶುಚಿ ಮಾಡಿದ್ದಾರೆ.

ಆಮೇಲೆ ಕಂಡದ್ದು ಗಂಜುಗಳು. ಊರ ದಕ್ಷಿಣಕ್ಕೆ ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬದಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಹರಿಯುತ್ತಿತ್ತು. ಕೊಳವೆ ಒಡೆಯದಂತೆ ಸುತ್ತ ಗಾರೆಗಲ್ಲಿನ ಕಟ್ಟಣೆ. ದಾರಿಯುದ್ದಕ್ಕೂ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರ. ನೀರು ಅಲ್ಲಿ ಮೇಲೇರಿ ಒತ್ತಡ ಕಳೆದುಕೊಂಡು, ಮಣ್ಣು ಕಸವನ್ನು ತಳದಲ್ಲಿ ಬಿಟ್ಟು ಮುಂದೆ ಹೋಗಬೇಕು. ಇವೇ ಗಂಜುಗಳು. ಇವುಗಳಲ್ಲಿ ಒಂದರ ಪಕ್ಕವೇ ನಾನು ದಿನಾ ಆಟೋಕ್ಕೆ ಕಾಯುತ್ತಿದ್ದೆ. ಯಾವುದೋ ಹಳೆಯ ಕಾವಲು ಗೋಪುರ ಇರಬೇಕು ಎಂದುಕೊಂಡಿದ್ದೆ!

ಕೊನೆಗೆ ತೊರವಿ. ಊರಿನ ಪಡುವಣಕ್ಕೆ ಐದಾರು ಕಿಲೋಮೀಟರ್. ಅಲ್ಲಿಯ ಸುರಂಗ ಬಾವಡಿಯಿಂದ ನೆಲದೊಳಗೆ ಕೊರೆದ ಕಾಲುವೆ ಹೊರಡುತ್ತದೆ. ಕರೇಜ್ ಎಂದು ಅದರ ಹೆಸರು, ಪರ್ಷಿಯಾ ಕಡೆಯಿಂದ ಬಂದ ವಿದ್ಯೆ. ಗಾಳಿ ಬೆಳಕಿಗೆ, ರಿಪೇರಿಗೆ ಎಂದು ದಾರಿಯಲ್ಲಿ ಅಲ್ಲಲ್ಲಿ ಮೇಲಕ್ಕೆ ತೆರೆದ ಬಾವಿಯಂಥ ಕಿಂಡಿಗಳಿವೆ. ಪಂಪು ಇಲ್ಲ, ನೆಲದ ಇಳಿಜಾರಷ್ಟೇ ಬಂಡವಾಳ. ತೊರವಿಯ ನೀರು ನೋಡಲು ಹೋದವಳಿಗೆ ತೊರವಿಯಲ್ಲಿ ಬೇರೆ ಬೇರೆ ಕಾಲ ಒಟ್ಟಿಗೆ ಎದುರಾದವು. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಆರಾಧ್ಯದೈವ ನರಸಿಂಹನ ಗುಡಿ ಅಲ್ಲೇ ಇದೆ. ಸಂಗೀತದ ಹುಚ್ಚಿನ ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಲು ಶುರುಮಾಡಿ, 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಹಾಳಾದ ನೌರಸಪುರವೂ ಅಲ್ಲೇ. ಸಂಗೀತ ಮಹಲ್ ಈಗಲೂ ನಿಂತಿದೆ. ನನ್ನ ಹಳೇ ಪಟ್ಟಿಯಲ್ಲಿ ಇವು ಮೂರು ಬೇರೆ ಬೇರೆ ಸಾಲಿನಲ್ಲಿದ್ದವು. ನೀರಿದ್ದಲ್ಲಿ ದೇವರೂ ಬರುತ್ತಾನೆ, ಕವಿಯೂ ಬರುತ್ತಾನೆ, ಸುಲ್ತಾನನೂ ಬರುತ್ತಾನೆ ಎಂಬ ಸರಳ ಸಂಗತಿ ಪಟ್ಟಿಯಲ್ಲಿ ಕಾಣುವಂಥದ್ದಲ್ಲ.

ನಿಮ್ಮ ಪ್ರಶ್ನೆ ನೀರೇ ಆಗಬೇಕೆಂದಿಲ್ಲ. ಊಟ, ಗಿರಣಿ, ಹಳೇ ಮುದ್ರಣಾಲಯ, ಯಾವುದಾದರೂ ಸರಿ. ದಿನವೂ ನಿಮ್ಮನ್ನು ಕಾಡುವ ಪ್ರಶ್ನೆಯಾದರೆ ಒಳ್ಳೆಯದು.

4. ಮೊದಲ ವಾರವೇ ಒಮ್ಮೆ ಎತ್ತರ ಹತ್ತಿ.

ಇದನ್ನು ನಾನು ಮಾಡಿದ್ದು ಹೊರಡುವ ಹೊತ್ತಿಗೆ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಉಪಲಿ ಬುರುಜು ಸುಮಾರು 80 ಅಡಿ ಎತ್ತರ. ಹೊರಮೈಗೆ ಸುತ್ತಿಕೊಂಡೇ ಮೆಟ್ಟಿಲು ಏರುತ್ತದೆ. ಮೇಲೆ ಎರಡು ಉದ್ದನೆಯ ತೋಪುಗಳು ಮಲಗಿವೆ. ಅವನ್ನು ನೋಡಲು ಹತ್ತಿದವಳು ಊರನ್ನು ನೋಡಿ ಇಳಿದೆ. ಕೋಟೆಗೋಡೆ ಎಲ್ಲಿ ತಿರುಗುತ್ತದೆ, ನಡುವಿನ ಒಳಕೋಟೆ ಅರಕಿಲ್ಲಾ ಎಷ್ಟು ಚಿಕ್ಕದು, ತೊರವಿ ಕಡೆಯ ನೆಲ ಎಷ್ಟು ಎತ್ತರ ಎಲ್ಲ ಒಂದೇ ನೋಟಕ್ಕೆ ಸಿಕ್ಕಿತು. ಮೊದಲೇ ಹತ್ತಿದ್ದರೆ ಆಟೋದವರಿಗೆ ಕೊಟ್ಟ ಎಷ್ಟೋ ದುಡ್ಡು ಉಳಿಯುತ್ತಿತ್ತು. ಸಂಜೆ ಹೋಗಿ. ಕೈಗಂಬಿ ಸರಿಯಿಲ್ಲದ ಕಡೆ ಗೋಡೆ ಬದಿಗೆ ಆತುಕೊಂಡು ಹತ್ತಿ.

5. ಕೇಳುವ ಪ್ರಶ್ನೆ ಬದಲಿಸಿ, ಉತ್ತರವೂ ಬದಲಾಗುತ್ತದೆ.

“ಇಲ್ಲಿ ಜನ ಜಾಸ್ತಿ ನೋಡದ ಜಾಗ ಯಾವುದಿದೆ?” ಎಂದು ನಾನು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದೆ. ಸ್ಟೇಷನ್ ಹತ್ತಿರ ಟಾಂಗಾ ನಿಲ್ಲಿಸಿಕೊಂಡಿದ್ದ ಚಾಚಾ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಜನ ನೋಡಲಾರದ್ದು ಅಂದ್ರ ನೋಡೂ ಹಂಗ ಇಲ್ಲಂತನ ಅಲ್ಲೇನ್ರಿ ತಂಗೆವ್ವಾ?” ಅಂದರು. ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ದಿನ ಬೇರೆ ಕೇಳಿದೆ: “ಮಧ್ಯಾಹ್ನ ನೀವು ಎಲ್ಲಿ ಕೂಡ್ತೀರಿ ಚಾಚಾ? ಕುದುರೆಗೆ ನೀರು ಎಲ್ಲಿ ಕುಡಿಸ್ತೀರಿ?” ಇದಕ್ಕೆ ಅವರಲ್ಲಿ ಉತ್ತರಗಳಿಗೆ ಬರ ಇರಲಿಲ್ಲ. ಯಾವ ಬೇವಿನ ಮರದ ಕೆಳಗೆ ಗಾಳಿ ಆಡುತ್ತದೆ, ಯಾವ ಗೋಡೆಯ ನೆರಳು ಮೂರಕ್ಕೆ ತಿರುಗುತ್ತದೆ, ಯಾವ ಕಟ್ಟೆಯಲ್ಲಿ ಮುದುಕರು ಚೌಕಾಬಾರ ಆಡುತ್ತಾರೆ, ಎಲ್ಲ ಹೇಳಿದರು. ಹಾಗೆ ಸಿಕ್ಕಿದ್ದು ಆಸಾರ ಮಹಲಿನ ಮುಂದಿನ ಕೊಳದ ದಂಡೆ. 1646ರ ಹೊತ್ತಿನ ಆ ಕಟ್ಟಡದ ಮುಂಭಾಗ ಕಲ್ಲಿನದ್ದಲ್ಲ, ಎತ್ತರದ ಮರದ ಕಂಬಗಳ ತೆರೆದ ಮೊಗಸಾಲೆ. ನ್ಯಾಯಾಲಯವಾಗಿದ್ದ ಜಾಗ ಆಮೇಲೆ ಪ್ರವಾದಿಯವರ ಪವಿತ್ರ ಕೇಶ ಇಟ್ಟ ಸ್ಥಳವಾಯಿತು. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಒಳಗೋಡೆಯ ವರ್ಣಚಿತ್ರ ನಾನು ನೋಡಿಲ್ಲ. ಆದರೆ ಉರಿಬಿಸಿಲಿನಲ್ಲಿ ಆ ಕೊಳದ ಮೇಲಿಂದ ಬರುವ ಗಾಳಿ ಯಾರಿಗೂ ಇಲ್ಲ ಅನ್ನುವುದಿಲ್ಲ.

ಕೊಳದ ದಂಡೆಯಲ್ಲಿ ಕೂತವರು ಯಾರೂ ಅದನ್ನು ಅಪರೂಪದ ಜಾಗ ಎಂದುಕೊಂಡಿರಲಿಲ್ಲ. ಅವರ ಅಪ್ಪ ಕೂತಿದ್ದ, ಇವರು ಕೂತಿದ್ದಾರೆ. ‘ಯಾರೂ ನೋಡದ’ ಎಂದು ಬರೆಯಲು ಹೊರಟವಳ ಸುತ್ತ ದಿನಾ ನೋಡುವವರೇ ತುಂಬಿದ್ದರು. ಲೇಖನಮಾಲೆಯ ಹೆಸರನ್ನು ಆ ಸಂಜೆಯೇ ಹೊಡೆದುಹಾಕಿದೆ. ಸಂಪಾದಕರಿಗೆ ಬೇಸರವಾಯಿತು, ಹಳೆಯ ಹೆಸರು ಚೆನ್ನಾಗಿ ಓಡುತ್ತಿತ್ತು ಎಂದರು.

6. ಮುಚ್ಚಿದ ಬಾಗಿಲಿಗೆ ಸಿಟ್ಟಾಗಬೇಡಿ, ಪಕ್ಕದ ಓಣಿಗೆ ತಿರುಗಿ.

ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದನ್ನು ಓದದೆ ಶುಕ್ರವಾರವೇ ಹೋದೆ. ನಾಚಿಕೆಗೇಡು ಎಂದರೆ, ಮುಂದೊಮ್ಮೆ ಇನ್ನೊಂದು ಶುಕ್ರವಾರವೂ ಹೋದೆ. ಸೀಜನ್ ಅಲ್ಲದ ಕಾಲದಲ್ಲಿ ಇಂಥವು ಹೆಚ್ಚು: ಬೀಗದ ಕೈ ಇಟ್ಟುಕೊಂಡವರು ಮದುವೆಗೆ ಹೋಗಿರುತ್ತಾರೆ, ರಿಪೇರಿಗೆಂದು ದಾರಿ ಬಂದ್ ಆಗಿರುತ್ತದೆ.

ಎರಡನೇ ಶುಕ್ರವಾರ ಗೊಣಗುತ್ತ ಅರಕಿಲ್ಲಾದ ಕಡೆ ನಡೆದೆ. ಸಾತ್ ಮಂಜಿಲ್ ಎದುರಿನ ಪುಟ್ಟ ಜಲ ಮಂಜಿಲ್ ಕಂಡಿತು. ಒಂದು ಕಾಲಕ್ಕೆ ಸುತ್ತ ನೀರು ನಿಲ್ಲುತ್ತಿದ್ದ ಮಂಟಪದ ಸುತ್ತ ಈಗ ಸ್ಕೂಟರುಗಳು ಹರಿಯುತ್ತವೆ. ಇನ್ನಷ್ಟು ದೂರಕ್ಕೆ ಕರೀಮುದ್ದೀನ್ ಮಸೀದಿ. ಆದಿಲ್‌ಶಾಹಿಗೂ ಬಹಳ ಹಿಂದಿನದು, 1320ರದ್ದು. ಒಳಗೆ ಹೊಕ್ಕರೆ ಗುಮ್ಮಟವಿಲ್ಲ, ಕಮಾನಿಲ್ಲ. ದೇವಾಲಯಗಳಿಂದ ತಂದು ನಿಲ್ಲಿಸಿದ ಕಂಬಗಳ ಸಾಲು. ಕೆಲವು ಗುಂಡು, ಕೆಲವು ಚೌಕ. ಎತ್ತರ ಸಾಲದ ಕಡೆ ಒಂದರ ಮೇಲೊಂದು ಕಲ್ಲು ಕೂಡಿಸಿ ಸರಿಮಾಡಿದ್ದಾರೆ. ಕಟ್ಟಿದ ಸೂತ್ರಧಾರ ರೇವೋಯನ ಹೆಸರು ನಾಗರಿ ಅಕ್ಷರದ ಶಾಸನದಲ್ಲಿದೆ. ಇಂಡಿ ತಾಲ್ಲೂಕಿನ ಸಾಲೋಟಗಿಯವನು ಎನ್ನುತ್ತಾರೆ. ರಾಜರ ಹೆಸರುಗಳೇ ತುಂಬಿದ ಊರಿನಲ್ಲಿ ಒಬ್ಬ ಕೆಲಸಗಾರನ ಹೆಸರು ಸಿಕ್ಕಿದ್ದು ವಸ್ತುಸಂಗ್ರಹಾಲಯಕ್ಕೆ ರಜೆ ಇದ್ದುದರಿಂದ. ಹಾಗಂತ ಬೋರ್ಡು ಓದದೆ ಹೋಗಿ ಎನ್ನುತ್ತಿಲ್ಲ.

7. ಆ ಕಾಲದಲ್ಲಿ ಮಾತ್ರ ಕಾಣುವುದು ಏನೆಂದು ಕೇಳಿ.

‘ಈ ಊರನ್ನು ಚಳಿಗಾಲದಲ್ಲಿ ನೋಡಬೇಕಿತ್ತು’ ಎಂದು ಕೊರಗುತ್ತಲೇ ನಾನು ಅರ್ಧ ಬೇಸಿಗೆ ಕಳೆದೆ. ಅಷ್ಟರಲ್ಲಿ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳ ಕೆಲಸ ಮುಗಿಯುತ್ತ ಬಂದಿತ್ತು. ಕಾಕು ಅವರ ಅಳಿಯನ ಬೈಕ್ ಹಿಂದೆ ಕೂತು ಹೋಗಿದ್ದರಿಂದ ಕಡೆಯ ಶೆಡ್ಡು ನೋಡಲು ಸಿಕ್ಕಿತು.

ತೋಟದ ನಡುವೆ ಉದ್ದನೆಯ ಚಪ್ಪರ. ಮೇಲೆ ತಗಡು, ಬದಿಗೆ ಹಸಿರು ನೆಟ್ಟು, ಒಳಗೆ ಹಂತಹಂತವಾಗಿ ಕಟ್ಟಿದ ಜಾಲರಿಯ ಅಟ್ಟಣಿಗೆಗಳು. ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಹಣ್ಣಿನ ಮೈಮೇಲಿನ ಮೇಣ ಸಡಿಲಾಗಿ ಒಳಗಿನ ನೀರು ಬೇಗ ಆರಲಿ ಎಂದು. ಆಮೇಲೆ ಅಟ್ಟಣಿಗೆಯ ಮೇಲೆ ಹರಡುತ್ತಾರೆ. ಬಿಸಿಲು ನೇರ ತಾಕಬಾರದು, ಬಿಸಿಗಾಳಿ ಆಡಬೇಕು. ಎರಡು ವಾರದ ಹೊತ್ತಿಗೆ ಒಣದ್ರಾಕ್ಷಿ. ಕೆಳಗಿನ ಅಟ್ಟಣಿಗೆಯಲ್ಲಿ ಇನ್ನೂ ಹಸಿರಾಗಿ ಉಬ್ಬಿದ ಹಣ್ಣು, ಮೇಲಿನದರಲ್ಲಿ ಹೊಂಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿದ್ದು. ಕೈಯಾಡಿಸಿದರೆ ಸರಸರ ಸದ್ದು. ತೋಟದವರು ಮೋಡ ನೋಡುತ್ತಲೇ ಮಾತಾಡುತ್ತಿದ್ದರು. ಈ ಹೊತ್ತಿನಲ್ಲಿ ಒಂದು ಅಡ್ಡಮಳೆ ಹೊಡೆದರೆ ವರ್ಷದ ದುಡಿಮೆ ಕಪ್ಪಾಗುತ್ತದೆ. ನಾನು ಶಪಿಸುತ್ತಿದ್ದ ಬಿಸಿಲನ್ನು ಅವರು ಇನ್ನೂ ಎಂಟು ದಿನ ಇರಲಿ ಎಂದು ಬೇಡುತ್ತಿದ್ದರು. ಡಿಸೆಂಬರಿನ ಪ್ರವಾಸಿಗೆ ಆ ಶೆಡ್ಡು ಬರೀ ಖಾಲಿ ತಗಡು. ಫೆಬ್ರವರಿ, ಮಾರ್ಚಿನಲ್ಲಿ ಇರುವವರು ಕೇಳಿಕೊಂಡು ಹೋಗಿ. ಕೆಲಸದ ಹೊತ್ತಿನಲ್ಲಿ ಅಡ್ಡ ನಿಲ್ಲಬೇಡಿ.

8. ಕತೆ ಕೇಳಿದ ಕೂಡಲೇ ಬರೆದು ಕಳಿಸಬೇಡಿ.

ಊರ ಪಡುವಣಕ್ಕೆ ಸಾಠ್ ಕಬರ್ ಎಂಬ ಜಾಗವಿದೆ. ಹಳೆಯ ಕಟ್ಟೆಯ ಮೇಲೆ ಸಾಲಾಗಿ ಅರವತ್ತಕ್ಕೂ ಮಿಕ್ಕಿ ಸಮಾಧಿಗಳು. ಶಿವಾಜಿಯನ್ನು ಎದುರಿಸಲು ಹೊರಟ ಅಫ್ಜಲ್ ಖಾನ್, ತಾನು ಮರಳುವುದಿಲ್ಲವೆಂದು ಜ್ಯೋತಿಷಿ ಹೇಳಿದ್ದಕ್ಕೆ ತನ್ನ ಹೆಂಡಂದಿರನ್ನೆಲ್ಲ ಕೊಂದು ಹೋದ ಎಂದು ಜನ ಹೇಳುತ್ತಾರೆ. ಅವನು ಪ್ರತಾಪಗಡದಲ್ಲಿ ಸತ್ತದ್ದು 1659ರಲ್ಲಿ, ಅದು ಇತಿಹಾಸ. ಹೆಂಡಂದಿರ ಕತೆ ಊರ ಬಾಯಲ್ಲಿ ಬಂದದ್ದು. ನಾನು ಆ ಎರಡನ್ನೂ ಕಲಸಿ, ಬಾವಿಕಟ್ಟೆ, ಕಿರುಚಾಟ, ಓಡಿಹೋದ ಒಬ್ಬಳು ಎಲ್ಲ ಸೇರಿಸಿ, ಕಣ್ಣಾರೆ ಕಂಡವಳ ಹಾಗೆ ಬರೆದು ಕಳಿಸಿದೆ. ಅಚ್ಚಾಯಿತು ಕೂಡ.

ನಿವೃತ್ತ ಮೇಷ್ಟ್ರೊಬ್ಬರು ಓದಿ ಹೇಳಿ ಕಳಿಸಿದರು. ಬೈಯಲಿಲ್ಲ, ಜೊತೆಗೆ ಕರೆದುಕೊಂಡು ಹೋಗಿ ಸಮಾಧಿಗಳ ತಲೆ ತೋರಿಸಿದರು. ಗಂಡಸರ ಸಮಾಧಿಯ ಮೇಲೆ ಲೇಖನಿಪೆಟ್ಟಿಗೆಯಂತೆ ಉಬ್ಬಿದ ದಿಂಡು, ಹೆಂಗಸರದ್ದಕ್ಕೆ ಹಲಗೆಯಂತೆ ಚಪ್ಪಟೆ ಎಂಬುದು ಈ ಕಡೆಯ ರೂಢಿ. “ಇವು ಹೆಂಗಸರವು ಅನ್ನೂದು ಕಲ್ಲು ಹೇಳತೈತಿ. ಯಾಕ ಸತ್ರು ಅನ್ನೂದು ಜನ ಹೇಳತಾರ. ಎರಡೂ ಬರೀರಿ, ಆದ್ರ ಯಾರು ಏನು ಹೇಳಿದ್ರು ಅಂತ ಬ್ಯಾರೆ ಬ್ಯಾರೆ ಬರೀರಿ,” ಎಂದರು. ಅಂದಿನಿಂದ ನನ್ನ ನೋಟುಬುಕ್ಕಿನಲ್ಲಿ ಎರಡು ಅಂಕಣ. ವಾರಾಂತ್ಯಕ್ಕೆ ಬಂದು ಹೋಗುವವರಿಗೆ ವಿಚಾರಿಸಲು ಪುರುಸೊತ್ತಿಲ್ಲ ಎನ್ನಬಹುದು. ತಿಂಗಳುಗಟ್ಟಲೆ ಇದ್ದ ನನಗೆ ಆ ನೆಪವೂ ಇರಲಿಲ್ಲ.

9. ಕಲ್ಲಿನ ಊರಲ್ಲಿ ಕಾಗದವನ್ನೂ ಹುಡುಕಿ.

ಮೇ ತಿಂಗಳ ಮಧ್ಯಾಹ್ನಗಳಲ್ಲಿ ಹೋಗಬಹುದಾದದ್ದು ಮಾಡಿನ ಕೆಳಗಿನ ಜಾಗಗಳಿಗೆ ಮಾತ್ರ. ಹಾಗೆ ಬಿಸಿಲಿಗೆ ಹೆದರಿ ಫ.ಗು. ಹಳಕಟ್ಟಿ ಅವರ ಹೆಸರಿನ ಸಂಶೋಧನ ಕೇಂದ್ರಕ್ಕೆ ಹೋದೆ. 1904ರಲ್ಲಿ ವಕೀಲಿಕೆಗೆಂದು ವಿಜಯಪುರಕ್ಕೆ ಬಂದವರು ಮನೆ ಮನೆ ಅಲೆದು ವಚನಗಳ ತಾಡೋಲೆ ಕೂಡಿಸಿದರು. ಅಚ್ಚುಹಾಕಿಸಲು ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುಮಾಡಿದರು. ಇಂದು ಕನ್ನಡದಲ್ಲಿ ಯಾರೇ ಒಂದು ವಚನ ಉದ್ಧರಿಸಿದರೂ ಅದರ ಹಿಂದೆ ಈ ಊರಿನ ಒಬ್ಬ ವಕೀಲರ ತಿರುಗಾಟವಿದೆ. ವಿಜಯಪುರ ಎಂದರೆ ಗುಮ್ಮಟ ಎಂದುಕೊಂಡು ಬಂದ ನನಗೆ ಇದು ಹೊಳೆದದ್ದು ಬಿಡಾರ ಕೀಳುವ ಹೊತ್ತಿಗೆ. ನನ್ನ ಮೂಲ ಪಟ್ಟಿಯಲ್ಲಿ ಇದಕ್ಕೆ ಸಾಲೇ ಇರಲಿಲ್ಲ. ಯಾವ ಊರಿಗೆ ಹೋದರೂ ಅಲ್ಲಿಯ ಗ್ರಂಥಾಲಯ, ಹಳೆಯ ಮುದ್ರಣಾಲಯ, ಸಂಶೋಧನ ಕೇಂದ್ರ ಮೊದಲು ವಿಚಾರಿಸಿ. ನೆರಳೂ ಸಿಗುತ್ತದೆ, ಫ್ಯಾನೂ ಇರುತ್ತದೆ.

10. ಬಿಟ್ಟುಹೋದದ್ದನ್ನೂ ಬರೆದಿಡಿ.

ನನ್ನ ಲೆಕ್ಕದ ಪುಸ್ತಕದಲ್ಲಿ ಕಂಡದ್ದಕ್ಕಿಂತ ಕಾಣದ್ದೇ ಹೆಚ್ಚು. ತೊರವಿಯಿಂದ ಊರ ತನಕ ಕರೇಜಿನ ಕಿಂಡಿಗಳನ್ನು ಒಂದೊಂದಾಗಿ ಹಿಡಿದು ನಡೆಯಬೇಕೆಂದಿದ್ದೆ. ಅರ್ಧ ದಾರಿಯಲ್ಲಿ ಹೊಲ, ಸೈಟು, ಬೇಲಿಗಳ ನಡುವೆ ಜಾಡು ತಪ್ಪಿತು. ಎರಡು ಕಿಂಡಿಗಳನ್ನು ಮಾಮೂಲು ಬಾವಿ ಎಂದು ದಾಟಿ ಹೋಗಿದ್ದೆನೆಂದು ಆಮೇಲೆ ತಿಳಿಯಿತು. ಚಾಂದ ಬಾವಡಿಗೆ ಹೋದ ದಿನ ಕ್ಯಾಮೆರಾ ಚಾರ್ಜ್ ಮುಗಿದಿತ್ತು, ನೋಟುಬುಕ್ಕೂ ಮನೆಯಲ್ಲೇ ಇತ್ತು. ಬಾರಾಕಮಾನವನ್ನು ಬರೀ ರಸ್ತೆಯಿಂದ ನೋಡಿ ಆಯಿತೆಂದುಕೊಂಡೆ. ಉರ್ದು, ಫಾರಸಿ ಬಾರದ್ದರಿಂದ ಗೋಡೆಯ ಮೇಲಿನ ಬರಹವೆಲ್ಲ ನನಗೆ ಬರೀ ಚಿತ್ತಾರವಾಯಿತು. ಇಷ್ಟು ದಿನ ಇದ್ದು ಅದೇ ಓಣಿಯಲ್ಲಿ ಓದಲು ಬರುವವರನ್ನು ಹುಡುಕದ್ದು ಶುದ್ಧ ಸೋಮಾರಿತನ.

ಇದನ್ನೆಲ್ಲ ಹೇಳುವುದು ಮುಂದೆ ಹೋಗುವವರು ನಾನು ನಿಲ್ಲಿಸಿದಲ್ಲಿಂದ ಶುರುಮಾಡಲಿ ಎಂದು. ತೊರವಿ ದಾರಿಯ ನನ್ನ ಕೈನಕ್ಷೆ ಕಾಕು ಮನೆಯಲ್ಲೇ ಇದೆ. ಅದರಲ್ಲಿ ಕಿಂಡಿಗಳಿಗೆ ಕೆಂಪು ಗುರುತು, ಅನುಮಾನ ಇದ್ದಲ್ಲಿ ಪ್ರಶ್ನೆಚಿಹ್ನೆ. ಪ್ರಶ್ನೆಚಿಹ್ನೆಗಳೇ ಜಾಸ್ತಿ. ಹೋಗುವವರು ಜೊತೆಗೆ ಹೊಲದವರೊಬ್ಬರನ್ನು ಕರೆದುಕೊಂಡು, ಬೆಳಿಗ್ಗೆ ಒಂಬತ್ತರೊಳಗೆ ನಡೆದು ಮುಗಿಸಿ, ತಪ್ಪಿದ್ದಲ್ಲಿ ತಿದ್ದಿ ಇಟ್ಟು ಬನ್ನಿ.